ಡೇರಿಯ ಸರ್ವರ್ ಆರು ಗಂಟೆಗೆ ಏಕೆ ತೆವಳಿತು

ಬೆಳಗಿನ ಆರು ಗಂಟೆ ಯಾರಿಗೆ ಬಿಡುವಿನ ವೇಳೆ? ಈ ಪ್ರಶ್ನೆಯನ್ನು ನಾನು ಮೊದಲೇ ಕೇಳಿಕೊಂಡಿದ್ದರೆ, ನಂದಗುಡಿ ಹೋಬಳಿಯ ಆ ಹಾಲಿನ ಡೇರಿಯ ಮುಂದೆ ಅಷ್ಟು ಜನ ಕ್ಯಾನು ಹಿಡಿದು ಕಾಯಬೇಕಾಗಿರಲಿಲ್ಲ.

ಹಾಲಿನ ಲೆಕ್ಕ ಇಡಲು ಅಲ್ಲಿಗೆ ಲಿನಕ್ಸ್ ಸರ್ವರ್ ಎಂಬ ಕಂಪ್ಯೂಟರ್ ತಂದವನು ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ವಾದವನ್ನೆಲ್ಲ ಬಳಸಿ ಆಡಳಿತ ಮಂಡಳಿಯನ್ನು ಒಪ್ಪಿಸಿದ್ದೆ. ಒಂದೇ ಹಸು ಸಾಕಿದವಳಿಗೂ ತನ್ನ ಹಾಲಿನ ಗುಣಮಟ್ಟ ತಿಳಿಸುವ ಮುದ್ರಿತ ಚೀಟಿ ಅಲ್ಲೇ ಕೈಗೆ ಸಿಗಬೇಕೆಂಬುದು ನನ್ನ ಹಟ. ಕೆಲವು ವಾರ ಸಿಕ್ಕಿತು. ಹಳೆಯ ರಿಜಿಸ್ಟರುಗಳ ಚಿತ್ರಗಳನ್ನೂ ಉತ್ಸಾಹದಿಂದ ಅದರೊಳಗೆ ತುಂಬಿದ ಮೇಲೆ ಒಂದೊಂದು ಚೀಟಿಗೂ ನಿಮಿಷಗಟ್ಟಲೆ ಹಿಡಿಯತೊಡಗಿತು. ದೂರು ಬಂದಾಗಲೆಲ್ಲ ಹನ್ನೊಂದು ಗಂಟೆಗೆ ಹೋಗಿ ನೋಡುತ್ತಿದ್ದೆ. ಯಂತ್ರ ಚುರುಕಾಗಿಯೇ ಇರುತ್ತಿತ್ತು.

ಕೊನೆಗೆ ಕಾರ್ಯದರ್ಶಿ ನನ್ನನ್ನು ಹಾಲು ಅಳೆಯುವ ಹೊತ್ತಿಗೇ ಕರೆಸಿದರು. "ಇವತ್ತೂ ಹಿಂಗೇ ಆದ್ರೆ ನಾಳೆಯಿಂದ ಹಳೇ ಪುಸ್ತಕಾನೇ ಸಾರ್. ಚೀಟಿ ಗೀಟಿ ಏನಿಲ್ಲ."

ಸಾಲಿನ ಮೊದಲಿಗಿದ್ದ ಅಜ್ಜಿ ಒಳಗೆ ಇಣುಕಿದರು. "ಏನಪ್ಪಾ, ನಿನ್ ಪೆಟ್ಟಿಗೆಗೆ ಇನ್ನೂ ನಿದ್ದೆ ಬಿಟ್ಟಿಲ್ವಾ? ನನ್ ಹಸು ಎದ್ದು, ಹಾಲೂ ಕೊಟ್ಟಾಯ್ತು."

ಸಾಕ್ಷ್ಯವಿಲ್ಲದೆ ವಾದಿಸಬಾರದೆಂಬ ಪಾಠ ನೆನಪಾಯಿತು. ಯಂತ್ರವನ್ನು ಆರಿಸಿ ಹಚ್ಚುವ ಬದಲು ಒಳಗೆ ಯಾವ ಯಾವ ಕೆಲಸ ನಡೆಯುತ್ತಿದೆಯೆಂದು ತೋರಿಸುವ 'ಟಾಪ್' ಎಂಬ ಆದೇಶ ಕೊಟ್ಟು ನೋಡಿದೆ. ಪ್ರೊಸೆಸರ್ ಬಹುತೇಕ ಸುಮ್ಮನಿತ್ತು, ಮೆಮೊರಿಯೂ ಸಾಕಷ್ಟಿತ್ತು. ಎಲ್ಲ ಕೆಲಸಗಳೂ ಹಾರ್ಡ್ ಡಿಸ್ಕಿಗಾಗಿ ಕಾದು ನಿಂತಿದ್ದವು. ಡಿಸ್ಕನ್ನು ಹಿಡಿದು ಕೂತಿದ್ದು ಬ್ಯಾಕಪ್, ಅಂದರೆ ದಿನವೂ ಎಲ್ಲದರ ನಕಲು ತೆಗೆದಿಡುವ ಕೆಲಸ. ರಿಜಿಸ್ಟರಿನ ಚಿತ್ರಗಳು ಸೇರಿದ ಮೇಲೆ ಕ್ಷಣದಲ್ಲಿ ಮುಗಿಯುತ್ತಿದ್ದ ಆ ನಕಲು ಗಂಟೆಗಟ್ಟಲೆ ಎಳೆಯುತ್ತಿತ್ತು. ಯಾರೂ ಇರದ ಹೊತ್ತೆಂದು ಅದಕ್ಕೆ ಬೆಳಗಿನ ಆರು ಗಂಟೆ ಗೊತ್ತುಮಾಡಿದವನು ನಾನು. ಆಫೀಸು ಹತ್ತಕ್ಕೆ ತೆರೆಯುತ್ತದೆಂಬ ಲೆಕ್ಕದಲ್ಲಿ.

ಬ್ಯಾಕಪ್ ನಿಲ್ಲಿಸಿದೆ. ಪ್ರಿಂಟರ್ ಕೂಡಲೇ ಚೀಟಿ ಉಗುಳಿತು.

"ಇಲ್ಲಿ ಯಾರೂ ಇರದ ಹೊತ್ತು ಯಾವುದು?" ಎಂದು ಕಾರ್ಯದರ್ಶಿಯನ್ನು ಕೇಳಿದೆ.

"ಮಧ್ಯಾಹ್ನ ಹನ್ನೆರಡಕ್ಕೆ ನೊಣಾನೂ ಇರಲ್ಲ ಸಾರ್. ಮೊದ್ಲೇ ಕೇಳಿದ್ರೆ ಹೇಳ್ತಿರ್ಲಿಲ್ವಾ?"

ಬ್ಯಾಕಪ್ಪನ್ನು ಹನ್ನೆರಡಕ್ಕೆ ಬದಲಿಸಿದೆ. ಅಜ್ಜಿ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಹಳೇ ಪುಸ್ತಕ ಬೀರುವಿನಲ್ಲೇ ಉಳಿಯಿತು. ಸುಧಾರಣೆಯಲ್ಲಿ ನನಗೆ ಇಂದಿಗೂ ಪೂರ್ಣ ನಂಬಿಕೆಯಿದೆ. ನೀವೂ ಯಾವುದಾದರೂ ಊರಿಗೆ ಯಂತ್ರ ಒಯ್ಯುವುದಾದರೆ, ಅಲ್ಲಿ ಕೆಲಸ ಎಷ್ಟು ಹೊತ್ತಿಗೆ ಶುರುವಾಗುತ್ತದೆಂದು ದಯವಿಟ್ಟು ಮೊದಲು ಕೇಳಿ.