ಕೊನೆಯಿಂದ ಎರಡನೆಯವರು

ಇವತ್ತಿನದ್ದು ಕೇಳಿ ಮಾರಾಯ್ರೆ. ಕಾಪುವಿನ ಹೋಟೆಲಿನಲ್ಲಿ ರಿಟೈರ್ಡ್ ಅಂಪೈರ್ ರಾಜಣ್ಣ, ಇನ್ನೂ ಶುರುವಾಗದ ಕಾಲೇಜು ಹುಡುಗಿಯರ ವಾಲಿಬಾಲ್ ಟೂರ್ನಮೆಂಟಿನ ಫಲಿತಾಂಶ ಹೇಳುತ್ತಿದ್ದರು.

"ಕಾರ್ಕಳದವರೇ ಫಸ್ಟ್. ಆ ಎತ್ತರದ ಸ್ಮ್ಯಾಶರ್ ಹುಡುಗಿ ಉಂಟಲ್ಲ, ಅವಳೊಬ್ಬಳೇ ಸಾಕು."

"ನಮ್ಮ ಟೀಮು?" ಕೋಚ್ ನಾನಲ್ವಾ, ಕೇಳಿದೆ.

"ನಿಮ್ಮದು ಕೊನೆ. ಬೇಸರ ಮಾಡಬೇಡಿ."

ನನ್ನ ಪಕ್ಕದಲ್ಲಿ ಗೋಳಿಬಜೆ ತಿನ್ನುತ್ತಿದ್ದ ಹುಡುಗಿ ಕೈ ಒರೆಸಿಕೊಂಡು ಎದ್ದು ನಿಂತಳು. ರಾಜಣ್ಣ ಕತ್ತೆತ್ತಿ ನೋಡಬೇಕಾಯಿತು.

"ಅಂಕಲ್, ಆ ಹುಡುಗಿ ನಾನೇ. ಅಲ್ಲಿ ಡಿಗ್ರಿ ಮುಗಿಯಿತು. ಎಂ.ಕಾಂ.ಗೆ ಇವರ ಕಾಲೇಜು ಸೇರಿದ್ದೇನೆ."

ರಾಜಣ್ಣ ಚಹಾ ಮುಗಿಸುವವರೆಗೆ ಯೋಚಿಸಿದರು.

"ಹಾಗಾದರೆ ನಿಮ್ಮದು ಕೊನೆಯಿಂದ ಎರಡನೆಯದು. ಫಸ್ಟ್ ಮಾತ್ರ ಕಾರ್ಕಳವೇ. ಅದು ಎಲ್ಲರಿಗೂ ಹೇಳಿ ಆಗಿದೆ."

ನಮ್ಮ ಅಭ್ಯಾಸ ಸೋಮವಾರದಿಂದ. ಒಂದು ಪ್ಲೇಟು ಗೋಳಿಬಜೆಗೆ ಒಂದು ಸ್ಥಾನ ಮೇಲೆ ಬಂದಿದ್ದೇವೆ. ದಿನಾ ತಿಂದರೆ ಸೋಮವಾರದೊಳಗೆ ಫೈನಲ್ ಮುಟ್ಟಬಹುದು.