ನಾಲ್ಕೇ ನಿಮಿಷ

ತರಕಾರಿ ಅಂಗಡಿಯ ಯಜಮಾನರು, ಹೆಣ್ಣು ಕೊಡುವವರ ಹಾಗೆ, ಪೂರ್ವಾಪರ ವಿಚಾರಿಸದೆ ಬ್ರೊಕೋಲಿ ಕೊಡುವವರಲ್ಲ. “ಎಷ್ಟು ಹೊತ್ತು ಬೇಯಿಸ್ತೀರಿ?” ಹತ್ತು ನಿಮಿಷ ಎಂದವರ ಚೀಲದಿಂದ ಅದನ್ನು ವಾಪಸ್ ತೆಗೆದು, “ನೀವು ಕುಂಬಳಕಾಯಿ ತಗೊಳ್ಳಿ” ಎಂದುಬಿಡುತ್ತಾರೆ. “ನಾಲ್ಕೇ ನಿಮಿಷ, ಅದೂ ಹಬೇಲಿ! ಜಾಸ್ತಿ ಬೆಂದ್ರೆ ವಿಟಮಿನ್ನೆಲ್ಲ ನೀರುಪಾಲು. ಇದನ್ನ ತಿಂದ್ರೆ ಮೂಳೆ ಗಟ್ಟಿಯಾಗತ್ತೆ ಅನ್ನೋದಕ್ಕೆ ಸಾಕ್ಷಿ ಬೇಕಾ? ಅಲ್ನೋಡಿ, ನಮ್ಮಮ್ಮ, ತೊಂಬತ್ತೊಂದು!” ಎಂದು ಎದೆಯುಬ್ಬಿಸಿ ಮೂಲೆಯ ಕುರ್ಚಿಯತ್ತ ಕೈ ಮಾಡುತ್ತಾರೆ. ಆ ಅಮ್ಮನಿಗೆ ಹೆಸರಿಗೂ ಒಂದು ಹಲ್ಲಿಲ್ಲ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಯಜಮಾನರು ಪರದೆಯ ಹಿಂದೆ ಬ್ರೊಕೋಲಿಯನ್ನು ಅರ್ಧ ಗಂಟೆ ಕುದಿಸಿ, ನುಣ್ಣಗೆ ಕಿವುಚಿ, ಬೆಂದ ನೀರನ್ನೂ ಚೆಲ್ಲದೆ ಕಲಸಿ, ಚಮಚದಲ್ಲಿ ತಿನ್ನಿಸುತ್ತಾರೆ. ಸಂಜೆ ಅಂಗಡಿ ತುಂಬಿದಾಗ ಮಗನಿಗಿಂತ ಹೆಮ್ಮೆಯಿಂದ ಅಮ್ಮ ಸಾರುತ್ತಾರೆ: “ನಮ್ಮ ಹುಡುಗನ ಕೈಗುಣಾನೇ ಹಾಗೆ. ನಾಲ್ಕೇ ನಿಮಿಷ ಬೇಯಿಸ್ತಾನೆ, ಈ ಬೊಚ್ಚು ಬಾಯಲ್ಲೂ ಕರಗಿಹೋಗತ್ತೆ!”