ಉಪವಾಸದ ಹೆಸರು ಹೇಳಿದ ಇಂದ್ರಿ

ನನ್ನ ಗಂಡ ಇಂದ್ರಿ ಮೀನುಗಾರ. ಮಾಲ್ಟಾದ ದಕ್ಷಿಣ ದಂಡೆಯ ನಮ್ಮೂರಿನಲ್ಲಿ ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಶಿಲುಬೆ ಹೊತ್ತ ಯೇಸುವಿನ ಪ್ರತಿಮೆಗೆ ಎಂಟು ಜನ ಹೆಗಲು ಕೊಡುತ್ತಾರೆ. ಮುಂದಿನ ಎಡಗಡೆಯ ಜಾಗ ಅವನ ತಂದೆಯದು, ಆಮೇಲೆ ಅವನದು. ಹೆಗಲಿನ ಎತ್ತರ ಅಳೆದು ಜೋಡಿ ಮಾಡುವುದು ರೂಢಿ. ಬಲಗಡೆಯವನಿಗೂ ಇವನಿಗೂ ಬೆರಳಿನಷ್ಟು ವ್ಯತ್ಯಾಸವಿರಲಿಲ್ಲ. ಆ ಜಾಗವನ್ನು ಹೇಗೆ ಕಿತ್ತುಕೊಂಡರು ಎಂಬುದನ್ನು ಬರೆಯುತ್ತೇನೆ. ಇಪ್ಪತ್ತಾರು ವರ್ಷವಾಯಿತು, ನನ್ನ ಸಿಟ್ಟು ಇಳಿದಿಲ್ಲ.

ಹದಿನೇಳಕ್ಕೆ ಅವನು ಟ್ಯುನೀಸಿಯಾದ ಸ್ಫಾಕ್ಸಿಗೆ ಹೋದ, ಸಮುದ್ರದ ಸ್ಪಂಜು ತೆಗೆಯುವ ದೋಣಿಗೆ. ಹನ್ನೊಂದು ವರ್ಷ ಅರಬರ ಜೊತೆ ಒಂದೇ ತಟ್ಟೆಯಲ್ಲಿ ಉಂಡ. ಮೊದಲ ದಿನ ಹಸಿವಾಗಿ ನಮ್ಮ ಮಾಲ್ಟಾದ ಮಾತಿನಲ್ಲೇ ರೊಟ್ಟಿ, ನೀರು ಕೇಳಿದನಂತೆ. ದೋಣಿಯ ಮುದುಕ ಹ್ಮೀದಾಗೆ ಕೇಳಿದ್ದು ಅರ್ಥವಾಗಿ ಎರಡನ್ನೂ ಕೊಟ್ಟನಂತೆ.

ನಮ್ಮ ಮದುವೆಯಾದ ಒಂಬತ್ತನೇ ವರ್ಷ, ಶುಭ ಶುಕ್ರವಾರಕ್ಕೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾದ ವಾರ, ಪಾದ್ರಿ ದುನ್ ಅಲ್ವಿಜ್ ಪಟ್ಟಣದ ವಕೀಲರೊಬ್ಬರನ್ನು ಮನೆಗೆ ಕರೆತಂದರು. ಆ ವಕೀಲರು ತಮ್ಮ ಮನೆಯಲ್ಲಿ ಇಟಾಲಿಯನ್ ಆಡುವವರು, ನಮ್ಮ ಮಾತನ್ನು ಅಡುಗೆಮನೆಯ ಭಾಷೆ ಎನ್ನುವವರು. ಈಗ ಅದರ ಮೂಲ ಹುಡುಕಿ ಪುಸ್ತಕ ಬರೆಯಲು ಹೊರಟಿದ್ದರು. ಮೂರು ಮಧ್ಯಾಹ್ನ ಕೂತು ಬಲೆ, ಮೀನು, ಹೊಲ, ಒಲೆ ಎಂದು ಇಂದ್ರಿಯಿಂದ ಇನ್ನೂರ ಹನ್ನೊಂದು ಪದ ಬರೆಸಿಕೊಂಡರು. ನಾನು ಪಕ್ಕದಲ್ಲೇ ಕಾಳು ಬಿಡಿಸುತ್ತ ಎಣಿಸಿದ್ದೇನೆ.

"ಇವೆಲ್ಲ ಫಿನೀಷಿಯನ್ನರ ಮಾತು ಕಣಯ್ಯ," ಎಂದರು ವಕೀಲರು. "ಕ್ರಿಸ್ತನಿಗಿಂತ ಹಿಂದಿನ ವರ್ತಕರು. ಅರಬರದ್ದು ಒಂದೂ ಇಲ್ಲ."

"ಫಿನೀಷಿಯನ್ನರನ್ನ ನಾನು ನೋಡಿಲ್ಲ ಸಾಹೇಬ್ರೇ," ಎಂದ ಇಂದ್ರಿ. "ಸ್ಫಾಕ್ಸಿನೋರನ್ನ ನೋಡಿದೀನಿ. ಅವ್ರು ಬೈದ್ರೂ ಅರ್ಥ ಆಗ್ತಿತ್ತು."

ನಾನು ನಕ್ಕೆ. ದುನ್ ಅಲ್ವಿಜ್ ನಗಲಿಲ್ಲ. "ಅಪ್ಪ ಅನ್ನೋ ನಮ್ಮ ಮಾತು ಇಟಲಿ ಕಡೆಯ ಸಿಸಿಲಿಯದ್ದಲ್ವೇನೋ?"

"ಹೌದು ಗುರುಗಳೇ, ಅಪ್ಪ ಸಿಸಿಲಿಯಿಂದ ಬಂದ. ಅಮ್ಮ ಅನ್ನೋದು ಅರಬರದ್ದು, ಅವ್ಳು ಮೊದ್ಲಿಂದ ಇಲ್ಲೇ ಇದ್ಲು. ಈಗ ಹಿಡಿದಿರೋ ಉಪವಾಸಕ್ಕೆ ನಾವು ರನ್ದಾನ್ ಅಂತೀವಲ್ಲ, ಅದೂ ಅಷ್ಟೇ. ಅವ್ರು ತಮ್ಮದಕ್ಕೆ ರಮದಾನ್ ಅಂತಾರೆ."

ವಕೀಲರ ಲೇಖನಿ ನಿಂತಿತು. ಆಮೇಲೆ ಅಚ್ಚಾದ ಪುಸ್ತಕದಲ್ಲಿ ಆ ಪದವೊಂದು ಬಿಟ್ಟು ಉಳಿದವೆಲ್ಲ ಇದ್ದವು, ಇಂದ್ರಿಯ ಹೆಸರಿಲ್ಲದೆ.

"ನಮ್ಮ ಉಪವಾಸ ಮುಸಲ್ಮಾನರ ಎಂಜಲೇನೋ?" ಎಂದರು ದುನ್ ಅಲ್ವಿಜ್.

"ಉಪವಾಸ ನಮ್ದೇ. ಹೆಸ್ರು ಅವ್ರದ್ದು. ಇದ್ದಿದ್ದು ಹೇಳ್ದೆ."

ಮುಂದಿನ ಭಾನುವಾರ ಇಗರ್ಜಿಯಲ್ಲಿ, ಎಲ್ಲರ ಮುಂದೆ, ಅವರು ಇಂದ್ರಿಯನ್ನು ಸುಳ್ಳುಗಾರ ಎಂದರು. ಸುಳ್ಳು ಹೇಳಿದೆನೆಂದು ಒಪ್ಪಿಕೊಂಡರೆ ಪ್ರತಿಮೆ ಹೊರಬಹುದು, ಇಲ್ಲದಿದ್ದರೆ ಜಾಗ ಬೇರೆಯವನಿಗೆ ಎಂದರು.

"ಒಂದು ಮಾತು ತಾನೇ, ಒಪ್ಕೊಂಡ್ಬಿಡು," ಎಂದೆ ನಾನು. ಹಾಗೆಂದದ್ದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

"ಲೋನ್ಸಾ, ಹನ್ನೊಂದು ವರ್ಷ ಅವ್ರ ಉಪ್ಪು ತಿಂದಿದೀನಿ. ಅವ್ರ ಮಾತು ನನ್ನ ಬಾಯಲ್ಲೇ ಇಟ್ಕೊಂಡು ಇಲ್ಲ ಅನ್ಲಾ?"

ಶುಭ ಶುಕ್ರವಾರ ಅವನ ಜಾಗದಲ್ಲಿ ಬೇಕರಿಯವನ ಭಾವಮೈದುನನನ್ನು ನಿಲ್ಲಿಸಿದ್ದರು. ನಾಲ್ಕು ಬೆರಳು ಕುಳ್ಳ. ನಮ್ಮ ಬೀದಿಗೆ ಬರುವಷ್ಟರಲ್ಲಿ ಪ್ರತಿಮೆ ಎಡಕ್ಕೆ ವಾಲಿ, ಹಿಂದಿನವರ ಕಾಲು ತಪ್ಪಿ, ಎಲ್ಲರೂ ನಿಂತರು. ದುನ್ ಅಲ್ವಿಜ್ ನಮ್ಮ ಬಾಗಿಲಿಗೆ ಬಂದರು.

"ಬಾರಪ್ಪ ಇಂದ್ರಿ, ಸುಮ್ನೆ ಹೆಗಲು ಕೊಡು. ಆ ಮಾತು ಮರೆತುಬಿಡೋಣ."

"ನಾನು ಮರೆಯಲ್ಲ. ಸುಳ್ಳುಗಾರ ಅಂತ ಎಲ್ರ ಮುಂದೆ ಅಂದ್ರಿ. ಅಲ್ಲ ಅಂತ ಇಲ್ಲೂ ಎಲ್ರ ಮುಂದೆ ಹೇಳಿ. ಈಗ್ಲೇ ಬರ್ತೀನಿ."

ಅವರು ಜನರತ್ತ ನೋಡಿದರು. ತಿರುಗಿ ಹೋಗಿ, ಕುಳ್ಳನ ಹೆಗಲ ಮೇಲೆ ಗೋಣಿಚೀಲ ಮಡಿಸಿ ಇಡಿಸಿದರು. ವಾಲಿದ ಪ್ರತಿಮೆ ಹಾಗೇ ಮುಂದೆ ಹೋಯಿತು. ಬಾಗಿಲ ಚೌಕಟ್ಟು ಹಿಡಿದಿದ್ದ ಇಂದ್ರಿಯ ಉಗುರು ಬಿಳಿಚಿಕೊಂಡಿತ್ತು.

ಮುಂದಿನ ವರ್ಷ ತಕ್ಕ ಎತ್ತರದವನು ಸಿಕ್ಕಿದ. ಅವರು ಕರೆಯಲಿಲ್ಲ, ಇಂದ್ರಿ ಸಾಯುವವರೆಗೂ ಹೊರಲಿಲ್ಲ. ದುನ್ ಅಲ್ವಿಜ್ ಸತ್ತಾಗ ಊರೆಲ್ಲ ಹೋಗಿ ಮೇಣದಬತ್ತಿ ಹಚ್ಚಿತು. ನಾನು ಹೋಗಲಿಲ್ಲ.